ಬ್ಯಾಟರಿಯ ಒಡಲೊಳಗೆ

ಕಳೆದ ವರ್ಷ ಎಂಟನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನು ಹಳೆಯ ಮೊಬೈಲಿನ ಬ್ಯಾಟರಿಯೊಂದನ್ನು ವರ್ಗಕ್ಕೆ ತಂದಿದ್ದನು. ಅದು ಪೂರಿಯಂತೆ ಉಬ್ಬಿಕೊಂಡಿತ್ತು. ನಾನು ಹಲಗೆಯಿಂದ ಹಿಂದಿರುಗಿ ನೋಡುವಷ್ಟರಲ್ಲಿ ಅವನು ಕೈವಾರದ ಮೊನೆಯನ್ನು ಅದಕ್ಕೆ ಆನಿಸಿ ತಿವಿಯಲು ಸಿದ್ಧನಾಗಿದ್ದನು. ಓಡಿ ಹೋಗಿ ಕಿತ್ತುಕೊಂಡೆನು. “ಒಳಗೆ ಏನಿದೆ ಎಂದು ನೋಡುತ್ತಿದ್ದೆ, ಸರ್” ಎಂದನು. ಅಂದು ಗದರಿಸಿದೆನಾದರೂ ಅವನ ಪ್ರಶ್ನೆ ನ್ಯಾಯವಾದುದೇ. ಅದರ ಉತ್ತರವನ್ನು ನಿಮ್ಮೆಲ್ಲರಿಗೂ ತಿಳಿಯುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಲೋಹಗಳಲ್ಲೆಲ್ಲ ಅತ್ಯಂತ ಹಗುರವಾದುದು ಲಿಥಿಯಂ. ಅದರ ಸಾಂದ್ರತೆ ನೀರಿನ ಸಾಂದ್ರತೆಯ ಅರ್ಧದಷ್ಟು ಮಾತ್ರ. ಎಣ್ಣೆಯ ಮೇಲೂ ಅದು ತೇಲುವುದು. ಅದರ ಪರಮಾಣುವಿನ ಹೊರಕವಚದಲ್ಲಿ ಒಂದೇ ಒಂದು ಇಲೆಕ್ಟ್ರಾನು ಇದೆ. ಅದನ್ನು ಬಿಟ್ಟುಕೊಡಲು ಲಿಥಿಯಂ ಸದಾ ಸಿದ್ಧ. ಹೀಗೆ ಇಲೆಕ್ಟ್ರಾನನ್ನು ಕಳೆದುಕೊಂಡು ಧನವಿದ್ಯುತ್ತನ್ನು ಹೊಂದಿದ ಪರಮಾಣುವನ್ನು ಅಯಾನು ಎನ್ನುತ್ತಾರೆ. ವಿದ್ಯುಚ್ಛಕ್ತಿಯನ್ನು ಸ್ವಲ್ಪ ತೂಕದಲ್ಲಿ ಹೆಚ್ಚಾಗಿ ಕೂಡಿಡಲು ಇಂತಹ ಲೋಹವೇ ಬೇಕು. ಆದರೆ ಗುಣವೇ ಇಲ್ಲಿ ದೋಷವೂ ಆಯಿತು. ಬರಿಯ ಲಿಥಿಯಂ ಲೋಹವನ್ನಿಟ್ಟು ಮಾಡಿದ ಕೋಶಗಳನ್ನು ಮತ್ತೆ ಮತ್ತೆ ಚಾರ್ಜು ಮಾಡಿದಾಗ, ಲೋಹವು ಒಳಗೆ ಸೂಜಿಗಳಂತೆ ಬೆಳೆದು ಎದುರಿನ ಬದಿಯನ್ನು ಮುಟ್ಟಿ ಬೆಂಕಿ ಹತ್ತುತ್ತಿತ್ತು.

ಆದುದರಿಂದ ವಿಜ್ಞಾನಿಗಳು ಬೇರೊಂದು ದಾರಿಯನ್ನು ಹಿಡಿದರು. ಲಿಥಿಯಮ್ಮನ್ನು ಲೋಹವಾಗಿ ಇಡದೆ, ಅದರ ಅಯಾನುಗಳು ಬಂದು ತಂಗುವುದಕ್ಕೂ ಬೇಕಾದಾಗ ಹೊರಡುವುದಕ್ಕೂ ಅನುಕೂಲವಾದ ಮನೆಗಳನ್ನು ಹುಡುಕತೊಡಗಿದರು. ಬ್ಯಾಟರಿಯ ಇತಿಹಾಸವೆಂದರೆ ಬಹುಮಟ್ಟಿಗೆ ಈ ಮನೆಗಳ ಹುಡುಕಾಟವೇ. 1970ರ ದಶಕದಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಅವರು ಅಮೆರಿಕದ ಎಕ್ಸಾನ್ ಎಣ್ಣೆ ಕಂಪನಿಯಲ್ಲಿದ್ದು, ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುವ ಟೈಟೇನಿಯಂ ಡೈಸಲ್ಫೈಡಿನಲ್ಲಿ ಅಯಾನುಗಳನ್ನು ಇರಿಸಿದರು. ಎರಡು ವೋಲ್ಟಿಗಿಂತ ತುಸು ಹೆಚ್ಚು ದೊರೆಯಿತು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡಿನಫ್ ಮತ್ತು ಸಂಗಡಿಗರು ಕೋಬಾಲ್ಟ್ ಆಕ್ಸೈಡನ್ನು ಆರಿಸಿ ನಾಲ್ಕು ವೋಲ್ಟುಗಳನ್ನು ಪಡೆದರು. ಇನ್ನೊಂದು ಬದಿಗೆ ಮನೆ ಕಟ್ಟಿದವರು ಜಪಾನಿನ ಅಕಿರಾ ಯೋಶಿನೊ. 1985ರಲ್ಲಿ ಅವರು ಅಲ್ಲಿ ಲಿಥಿಯಂ ಲೋಹಕ್ಕೆ ಬದಲಾಗಿ ಇಂಗಾಲದ ಒಂದು ರೂಪವಾದ ಪೆಟ್ರೋಲಿಯಂ ಕೋಕನ್ನು ಇಟ್ಟರು. ಆ ಕೋಶದ ಮೇಲೆ ದೊಡ್ಡ ಕಬ್ಬಿಣದ ತುಂಡನ್ನು ಬೀಳಿಸಿ ನೋಡಿದರು, ಏನೂ ಆಗಲಿಲ್ಲ. ಲಿಥಿಯಂ ಲೋಹವಿದ್ದ ಕೋಶದ ಮೇಲೆ ಬೀಳಿಸಿದಾಗ ಅದು ಸಿಡಿಯಿತು. 1991ರಲ್ಲಿ ಸೋನಿ ಕಂಪನಿಯು ಲಿಥಿಯಂ ಅಯಾನು ಬ್ಯಾಟರಿಯನ್ನು ಮಾರಾಟಕ್ಕೆ ತಂದಿತು. ಈಗ ಕೋಕಿನ ಸ್ಥಾನದಲ್ಲಿ ಹೆಚ್ಚಾಗಿ ಗ್ರಾಫೈಟು ಇರುತ್ತದೆ. ನಿಮ್ಮ ಪೆನ್ಸಿಲಿನ ಕಡ್ಡಿಯಲ್ಲಿರುವುದೂ ಅದೇ.

ಇದರ ಕೆಲಸವನ್ನು ಮುಂಬಯಿಯ ಮಕ್ಕಳಿಗೆ ತಿಳಿಸುವುದು ಸುಲಭ. ಬೆಳಿಗ್ಗೆ ಲೋಕಲ್ ಗಾಡಿಯಲ್ಲಿ ಜನರೆಲ್ಲ ವಿರಾರಿನಿಂದ ಚರ್ಚ್‌ಗೇಟಿಗೆ ಹೋಗಿ ಸಂಜೆ ಅದೇ ಮನೆಗಳಿಗೆ ಮರಳುವುದಿಲ್ಲವೇ? ಹಾಗೆಯೇ ಚಾರ್ಜು ಮಾಡುವಾಗ ಅಯಾನುಗಳು ಕೋಬಾಲ್ಟ್ ಆಕ್ಸೈಡನ್ನು ಬಿಟ್ಟು ಗ್ರಾಫೈಟಿಗೆ ಹೋಗುತ್ತವೆ. ಮೊಬೈಲನ್ನು ಬಳಸುವಾಗ ಹಿಂದಿರುಗುತ್ತವೆ. ನಡುವೆ ಒಂದು ದ್ರವವಿದೆ. ಅಯಾನುಗಳು ಅದರ ಮೂಲಕ ಸಾಗಬಲ್ಲವು, ಇಲೆಕ್ಟ್ರಾನುಗಳು ಸಾಗಲಾರವು. ಅವು ಹೊರಗಿನ ತಂತಿಯನ್ನು ಸುತ್ತಿಯೇ ಬರಬೇಕು. ಆ ಸುತ್ತುದಾರಿಯಲ್ಲಿ ನಾವು ಅವುಗಳಿಂದ ಕೆಲಸ ಮಾಡಿಸಿಕೊಳ್ಳುತ್ತೇವೆ. ಆ ದ್ರವವು ನೀರಲ್ಲ, ಉರಿಯುವ ಸಾವಯವ ದ್ರವ ಎಂಬುದನ್ನು ಮಾತ್ರ ಮರೆಯಬೇಡಿರಿ.

ಗುಡಿನಫ್ ಅವರ ವಿಷಯವಾಗಿ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಬಾಲ್ಯದಲ್ಲಿ ಅಕ್ಷರಗಳನ್ನು ಓದುವುದೇ ಅವರಿಗೆ ಕಷ್ಟವಾಗಿತ್ತು. ಮಹಾಯುದ್ಧ ಮುಗಿಸಿ ಭೌತಶಾಸ್ತ್ರ ಕಲಿಯಲು ಶಿಕಾಗೊಗೆ ಹೋದಾಗ, ಈ ವಯಸ್ಸಿನಲ್ಲಿ ಆರಂಭಿಸುವುದು ತಡವಾಯಿತೆಂದು ಒಬ್ಬ ಪ್ರಾಧ್ಯಾಪಕರು ಹೇಳಿದರಂತೆ. ಕೋಬಾಲ್ಟಿನ ಶೋಧ ನಡೆದಾಗ ಅವರು ಅರವತ್ತಕ್ಕೆ ಸಮೀಪಿಸಿದ್ದರು. 2019ರಲ್ಲಿ ವಿಟಿಂಗ್‌ಹ್ಯಾಮ್, ಯೋಶಿನೊ ಇವರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದಾಗ ಅವರ ವಯಸ್ಸು 97. ಅವರು 2023ರಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು.

ಆದರೆ ಕೋಬಾಲ್ಟಿನ ಮನೆಯಲ್ಲಿ ಎರಡು ಕೊರತೆಗಳಿದ್ದವು. ಅತಿಯಾಗಿ ಕಾದರೆ ಅದು ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಉರಿಯುವ ದ್ರವ ಪಕ್ಕದಲ್ಲೇ ಇರುವಾಗ ಇದರ ಫಲವನ್ನು ನೀವೇ ಊಹಿಸಿರಿ. ಎರಡನೆಯದು ನನಗೆ ಇನ್ನೂ ಘೋರವೆನಿಸುತ್ತದೆ. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಆಫ್ರಿಕದ ಕಾಂಗೊ ದೇಶದ್ದು. ಅಲ್ಲಿ ಕೈಯಿಂದ ಅಗೆಯುವ ಗುಂಡಿಗಳಲ್ಲಿ ನಿಮ್ಮ ವಯಸ್ಸಿನ ಮಕ್ಕಳೂ ದುಡಿದಿದ್ದಾರೆ. ಪಾಠಶಾಲೆಗೆ ಹೋಗಬೇಕಾದ ಹೊತ್ತಿನಲ್ಲಿ ಅವರು ಅದಿರನ್ನು ಹೊತ್ತು ತೊಳೆದಿದ್ದಾರೆ.

ಕೋಬಾಲ್ಟೇ ಬೇಡದ ಮನೆಯೂ ದೊರೆಯಿತು. ಆಗ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿದ್ದ ಗುಡಿನಫ್ ಅವರ ತಂಡವು 1997ರಲ್ಲಿ ಲಿಥಿಯಂ ಕಬ್ಬಿಣ ಫಾಸ್ಫೇಟಿನ ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿತು. ಅದನ್ನು ಬರೆದವರು ಮೂವರು: ಪಾಢಿ, ನಂಜುಂಡಸ್ವಾಮಿ ಮತ್ತು ಗುಡಿನಫ್. ನಡುವಿನ ಹೆಸರನ್ನು ಕಂಡಾಗ, ನಾಡಿನಿಂದ ದೂರವಿರುವ ಕನ್ನಡಿಗನಾದ ನನಗೆ ಆದ ಸಂತೋಷವನ್ನು ಏಕೆ ಮುಚ್ಚಿಡಲಿ! ಕಬ್ಬಿಣವು ಅಗ್ಗ, ಎಲ್ಲೆಡೆಯೂ ಸಿಗುತ್ತದೆ. ಇಲ್ಲಿ ಆಮ್ಲಜನಕವು ರಂಜಕದೊಡನೆ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಕಾದರೂ ಸುಲಭವಾಗಿ ಬಿಡುಗಡೆಯಾಗದು. ದೋಷಗಳೂ ಇಲ್ಲದಿಲ್ಲ. ಅದೇ ತೂಕದಲ್ಲಿ ಇದು ಕೂಡಿಡುವ ಶಕ್ತಿ ಕಡಿಮೆ. ವಿದ್ಯುತ್ತನ್ನು ಹರಿಯಗೊಡುವುದೂ ಕಡಿಮೆ. ಎರಡನೆಯ ದೋಷವನ್ನು, ಕಣಗಳನ್ನು ಅತಿ ಸಣ್ಣದಾಗಿಸಿ ಅವುಗಳ ಮೇಲೆ ಇಂಗಾಲದ ತೆಳುಲೇಪ ಕೊಟ್ಟು ನಿವಾರಿಸಿದರು. ಇಂದು ಎಷ್ಟೋ ವಿದ್ಯುತ್ ವಾಹನಗಳು ಈ ಕಬ್ಬಿಣದ ಬ್ಯಾಟರಿಯಿಂದಲೇ ಓಡುತ್ತಿವೆ.

ಲಿಥಿಯಂ ಮಾತ್ರ ಎರಡಕ್ಕೂ ಬೇಕು. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ಪ್ರದೇಶದ ಬಂಡೆಗಳಲ್ಲಿ 1,600 ಟನ್ ಇರಬಹುದೆಂಬ ಅಂದಾಜನ್ನು ಸರಕಾರ 2021ರಲ್ಲಿ ತಿಳಿಸಿತು. ಇದು ಬಹಳವೇನೂ ಅಲ್ಲ. ಹಳೆಯ ಬ್ಯಾಟರಿಗಳಿಂದ ಈ ಲೋಹಗಳನ್ನು ಮರಳಿ ತೆಗೆಯುವುದೂ ಅಷ್ಟೇ ಅಗತ್ಯ. 2022ರ ಭಾರತದ ನಿಯಮಗಳಂತೆ ಅವುಗಳನ್ನು ಹೂಳುವಂತಿಲ್ಲ, ಸುಡುವಂತಿಲ್ಲ. ಮರಳಿ ಸಂಗ್ರಹಿಸುವ ಹೊಣೆ ತಯಾರಕರದು.

ಇನ್ನು ನಮ್ಮ ಹುಡುಗನ ಬ್ಯಾಟರಿ. ಒಳಗಿನ ದ್ರವವು ಕೆಟ್ಟು ಅನಿಲವಾಗಿ ಮಾರ್ಪಟ್ಟುದರಿಂದ ಅದು ಉಬ್ಬಿತ್ತು. ಕೈವಾರ ಚುಚ್ಚಿದ್ದರೆ ಎರಡು ಬದಿಗಳೂ ತಾಗಿ, ಕಾವೇರಿ, ಅವನ ಮುಖದೆದುರಿಗೇ ಉರಿಯಬಹುದಾಗಿತ್ತು. ಕಸದ ಬುಟ್ಟಿಗೆ ಹಾಕಿದ್ದರೆ ಕಸದ ಲಾರಿಯಲ್ಲಿ ಜಜ್ಜಿ ಹೋಗಿ ಅಲ್ಲಿ ಉರಿಯುತ್ತಿತ್ತು. ನಾವಿಬ್ಬರೂ ಅದನ್ನು ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು, ಶನಿವಾರ ಶಾಲೆ ಬಿಟ್ಟ ಮೇಲೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ ಬಂದೆವು. ಡಬ್ಬಿಯನ್ನು ಹಿಡಿದುಕೊಂಡವನು ಅವನೇ.