ಸೂರ್ಯ ಮುಳುಗದ ಊರಿನ ಬೇಸಿಗೆ



ಕಳೆದ ತಿಂಗಳು ಪ್ರಥಮ ಪಿಯುಸಿ ಭೂಗೋಳ ತರಗತಿಯಲ್ಲಿ, ಅಂಟಾರ್ಕ್ಟಿಕಾದ ಬೇಸಿಗೆಯಲ್ಲಿ ವಾರಗಟ್ಟಲೆ ಸೂರ್ಯ ಮುಳುಗುವುದಿಲ್ಲ ಎಂದು ಹೇಳುತ್ತಿದ್ದೆ. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು, "ಹಾಗಾದರೆ ಅಲ್ಲಿ ಮಗ್ರಿಬ್ ಯಾವಾಗ ಸರ್?" ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನು "ಅದೆಲ್ಲ ಸಿಲೆಬಸ್‌ನಲ್ಲಿ ಇಲ್ಲಮ್ಮ, ಕೂತ್ಕೋ" ಎಂದುಬಿಟ್ಟೆ. ಆಮೇಲೆ ನನಗೇ ನಾಚಿಕೆಯಾಯಿತು. ಪ್ರಶ್ನೆ ಚೆನ್ನಾಗಿತ್ತು, ಉತ್ತರ ನನ್ನ ಬಳಿ ಇರಲಿಲ್ಲ. ಆ ಮೇಲೆ ಹುಡುಕಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಭಾರತದ 'ಮೈತ್ರಿ' ಸಂಶೋಧನಾ ಕೇಂದ್ರ 1989ರಿಂದ ಕೆಲಸ ಮಾಡುತ್ತಿದೆ. ಅದು ಇರುವುದು ಶಿರ್ಮಾಕರ್ ಓಯಸಿಸ್ ಎಂಬ ಹಿಮವಿಲ್ಲದ ಬಂಡೆನೆಲದಲ್ಲಿ, 70.75 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆಯಲ್ಲ, ಆದ್ದರಿಂದ ಡಿಸೆಂಬರ್ 22ರ ಸುಮಾರಿಗೆ 66.5 ಡಿಗ್ರಿಯಿಂದಾಚೆ ದಕ್ಷಿಣದಲ್ಲಿ ಎಲ್ಲೂ ಸೂರ್ಯ ಮುಳುಗುವುದಿಲ್ಲ. 70.75ರಿಂದ 66.5 ಕಳೆಯಿರಿ. ಉಳಿಯುವ 4.25 ಡಿಗ್ರಿಯೇ ಆ ದಿನ ಮಧ್ಯರಾತ್ರಿ ಮೈತ್ರಿಯಲ್ಲಿ ಸೂರ್ಯನ ಎತ್ತರ! ಮಧ್ಯಾಹ್ನವಾದರೂ ಸುಮಾರು 43 ಡಿಗ್ರಿಗಿಂತ ಮೇಲೇರುವುದಿಲ್ಲ, ಅದೂ ಉತ್ತರ ದಿಕ್ಕಿನಲ್ಲಿ. ಬಿಸಿಲು ಓರೆಯಾಗಿ ಬೀಳುತ್ತದೆ, ಬಿದ್ದದ್ದರಲ್ಲೂ ಹೆಚ್ಚಿನ ಪಾಲನ್ನು ಸುತ್ತಲಿನ ಹಿಮ ವಾಪಸು ಕಳಿಸುತ್ತದೆ. ಹಾಗಾಗಿ 24 ಗಂಟೆ ಬಿಸಿಲಿದ್ದರೂ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲೇ.

ಅಲ್ಲಿ ಊಟ, ನಿದ್ರೆ, ಕೆಲಸ ಎಲ್ಲವೂ ಗಡಿಯಾರ ನೋಡಿಯೇ. ನಮಾಜಿನ ಮಾತಿಗೆ ಬಂದರೆ, ಇಂಥ ಕಡೆ ಸಮಯವನ್ನು ಅಂದಾಜು ಮಾಡಿಕೊಳ್ಳಬೇಕು ಎಂದು ಉಲಮಾಗಳು ಹೇಳಿದ್ದಾರೆ. ಹಗಲು ರಾತ್ರಿ ಇರುವ ಹತ್ತಿರದ ಜಾಗದ ವೇಳೆಯನ್ನು ಅನುಸರಿಸುವುದು ಅದರಲ್ಲೊಂದು ದಾರಿ. ಹೆಚ್ಚಿನದನ್ನು ನಮ್ಮ ಅರಬಿಕ್ ಉಪನ್ಯಾಸಕರನ್ನು ಕೇಳಿ, ನನ್ನನ್ನಲ್ಲ.

ಓದುತ್ತಾ ಹೋದಂತೆ ನನಗೆ ಹೆಚ್ಚು ಹಿಡಿಸಿದ್ದು ಆ ಬೇಸಿಗೆಯ ಕೆಲಸ. ನಮಗೆ ಬೇಸಿಗೆ ಎಂದರೆ ರಜೆ. ಅಲ್ಲಿ ನವೆಂಬರಿನಿಂದ ಮಾರ್ಚ್‌ವರೆಗಿನ ಅವಧಿಯಲ್ಲೇ ಇಡೀ ವರ್ಷದ ಬದುಕಿಗೆ ಬೇಕಾದುದೆಲ್ಲ ಬಂದು ಸೇರಬೇಕು. ಹಡಗು ಬರುವುದು ಹಿಮದ ಅಂಚಿನವರೆಗೆ ಮಾತ್ರ. ಅಲ್ಲಿಂದ ಮೈತ್ರಿಗೆ ಸುಮಾರು 100 ಕಿಲೋಮೀಟರ್. ಡೀಸೆಲ್, ಅಕ್ಕಿ, ಬೇಳೆ, ಔಷಧಿ, ಜನರೇಟರಿನ ಬಿಡಿಭಾಗ ಎಲ್ಲವನ್ನೂ ಕ್ರೇನಿನಿಂದ ಇಳಿಸಿ, ಚಕ್ರವಿಲ್ಲದ ಜಾರುಗಾಡಿಗಳಿಗೆ ಹೇರುತ್ತಾರೆ. ನಮ್ಮೂರಿನ ಹಿಟಾಚಿಯಂತೆ ಪಟ್ಟಿಯ ಮೇಲೆ ಓಡುವ ವಾಹನಗಳು ಅವನ್ನು ಎಳೆಯುತ್ತವೆ. ದಾರಿಯಲ್ಲಿ ಹಿಮದ ಬಿರುಕುಗಳಿರಬಹುದು. ಮೇಲೆ ತೆಳುವಾಗಿ ಹಿಮ ಮುಚ್ಚಿಕೊಂಡಿದ್ದರೆ ಕಾಣುವುದೂ ಇಲ್ಲ.

ಸಮುದ್ರ ಮತ್ತೆ ಹೆಪ್ಪುಗಟ್ಟುವ ಮೊದಲು ಹಡಗು ಹೊರಡಲೇಬೇಕು. ಆಮೇಲೆ ಸುಮಾರು 25 ಜನ ಚಳಿಗಾಲಕ್ಕೆ ಉಳಿಯುತ್ತಾರೆ. ಪಟ್ಟಿಯಲ್ಲಿ ಒಂದು ಬಿಡಿಭಾಗ ಬಿಟ್ಟುಹೋದರೆ ಅಂಗಡಿಗೆ ಓಡುವಂತಿಲ್ಲ, ಮುಂದಿನ ಬೇಸಿಗೆಯವರೆಗೆ ಕಾಯಬೇಕು. ಜನರೇಟರ್ ನಿಂತರೆ ಬೆಳಕು ಹೋಗುವುದಷ್ಟೇ ಅಲ್ಲ, ಬೆಚ್ಚಗಿನ ಕೋಣೆಯೂ ಹೋಯಿತು, ಪ್ರಿಯದರ್ಶಿನಿ ಸರೋವರದಿಂದ ಪಂಪಿನಲ್ಲಿ ಬರುವ ನೀರೂ ಹೋಯಿತು.

ಈ ಗಡಿಬಿಡಿಯ ನಡುವೆಯೇ ವಿಜ್ಞಾನವೂ ನಡೆಯಬೇಕು. ಹವಾಮಾನ ಇಲಾಖೆಯವರು ಓಝೋನ್ ಅಳೆಯುವ ಬಲೂನು ಹಾರಿಸುತ್ತಾರೆ. ಭೂವೈಜ್ಞಾನಿಕ ಸರ್ವೇಕ್ಷಣೆಯವರು ಹಿಮನದಿಯ ತುದಿ ಎಷ್ಟು ಹಿಂದೆ ಸರಿದಿದೆ ಎಂದು ಅಳೆಯುತ್ತಾರೆ. 1991ರ ಮ್ಯಾಡ್ರಿಡ್ ಒಪ್ಪಂದದ ಪ್ರಕಾರ ಅಲ್ಲಿಗೆ ನಾಯಿ ಒಯ್ಯುವಂತಿಲ್ಲ, ಪೆಂಗ್ವಿನ್‌ಗಳಿಗೆ ತೊಂದರೆ ಕೊಡುವಂತಿಲ್ಲ. ಕಸವನ್ನೂ ವಿಂಗಡಿಸಿ ಹಡಗಿನಲ್ಲಿ ವಾಪಸು ತರಬೇಕು.

ಭಾರತದ ಮೊದಲ ತಂಡವೂ ಹೋದದ್ದು ಬೇಸಿಗೆಯಲ್ಲೇ. 1981ರ ಡಿಸೆಂಬರ್ 6ರಂದು ಗೋವಾದಿಂದ ಹೊರಟ 21 ಜನ 1982ರ ಜನವರಿ 9ರಂದು ಅಲ್ಲಿ ಇಳಿದರು. ಅವರ ನಾಯಕ ಡಾ. ಸೈಯದ್ ಜಹೂರ್ ಖಾಸಿಂ ಸಮುದ್ರಜೀವ ವಿಜ್ಞಾನಿ, ಅಲಿಗಢದಲ್ಲಿ ಓದಿದವರು. ಮುಂದೆ ಜಾಮಿಯಾ ಮಿಲಿಯಾ ಇಸ್ಲಾಮಿಯಾದ ಕುಲಪತಿಯಾದರು.

"ನನಗೆ ಸೈನ್ಸ್ ಸಿಗಲಿಲ್ಲ ಸರ್" ಎಂದು ಪ್ರತಿ ಜೂನ್‌ನಲ್ಲಿ ಮುಖ ಸಪ್ಪೆ ಮಾಡಿಕೊಂಡು ಬರುವವರು ಇದನ್ನೂ ಓದಿ. ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಈ ಯಾತ್ರೆಗೆ ವೈದ್ಯರು, ನರ್ಸ್, ಅಡುಗೆಯವರು, ಎಲೆಕ್ಟ್ರಿಷಿಯನ್, ವೆಲ್ಡರ್, ವಾಹನ ಮೆಕ್ಯಾನಿಕ್, ಕ್ರೇನ್ ಚಾಲಕರನ್ನೂ ಜಾಹೀರಾತು ಕೊಟ್ಟು ಕರೆಯುತ್ತದೆ. ಆಯ್ಕೆಯಾದವರಿಗೆ ಕಟ್ಟುನಿಟ್ಟಿನ ವೈದ್ಯಕೀಯ ಪರೀಕ್ಷೆ, ಆಮೇಲೆ ಉತ್ತರಾಖಂಡದ ಔಲಿಯಲ್ಲಿ ಹಿಮದ ಮೇಲೆ ತರಬೇತಿ.

ಇನ್ನು ನಿಮಗೊಂದು ಕೆಲಸ. ನಮ್ಮ ಇನ್ನೊಂದು ಕೇಂದ್ರ 'ಭಾರತಿ' 69.4 ಡಿಗ್ರಿ ದಕ್ಷಿಣದಲ್ಲಿದೆ. ಡಿಸೆಂಬರ್ 22ರ ಮಧ್ಯರಾತ್ರಿ ಅಲ್ಲಿ ಸೂರ್ಯ ಎಷ್ಟು ಎತ್ತರದಲ್ಲಿರುತ್ತಾನೆ? ಸೋಮವಾರ ಲೆಕ್ಕ ಮಾಡಿಕೊಂಡು ಬನ್ನಿ. ಹಿಂದಿನ ಬೆಂಚಿನಿಂದ ಶುರು ಮಾಡುತ್ತೇನೆ.