ಘಂಟಾಪಾಟಲಿ: ಹೆಸರುಳಿದು ಮರೆಯಾಗುತ್ತಿರುವ ಮರ

ಬಾಲ್ಯದಲ್ಲಿ ಗುರುಗಳ ಮುಂದೆ ಕುಳಿತು ಅಮರಕೋಶವನ್ನು ಕಂಠಪಾಠ ಮಾಡಿದವರಿಗೆ ವನೌಷಧಿವರ್ಗದ ಮರಗಿಡಗಳ ಹೆಸರುಗಳು ನಾಲಗೆಯ ತುದಿಯಲ್ಲಿಯೇ ನೆಲಸಿರುತ್ತವೆ. ಅವುಗಳಲ್ಲಿ ಮುಷ್ಕಕ, ಮೋಕ್ಷ, ಘಂಟಾಪಾಟಲಿ ಎಂಬ ಹೆಸರುಗಳು ಒಂದೇ ಮರಕ್ಕೆ ಸಲ್ಲುತ್ತವೆ. ನಾನೂ ಇವನ್ನು ಕಲಿತೆ. ಅನೇಕ ವರ್ಷ ಕಲಿಸಿದೆ. ಒಂದು ದಿನ ಚಂದ್ರಾ ಲೇಔಟಿನ ನಮ್ಮ ತರಗತಿಯಲ್ಲಿ ಒಬ್ಬ ಬಾಲಕಿ ಎದ್ದು ನಿಂತು, “ಗುರುಗಳೇ, ಆ ಮರ ಹೇಗಿರುತ್ತದೆ?” ಎಂದು ಕೇಳಿದಳು. “ಅದೊಂದು ವೃಕ್ಷವಿಶೇಷ” ಎಂದು ಟೀಕಾಕಾರರ ರೂಢಿಯಂತೆ ಉತ್ತರಿಸಿ ಮುಂದಿನ ಪದಕ್ಕೆ ನಡೆದೆ. ಆದರೆ ನನಗೇ ತಿಳಿಯದುದನ್ನು ತಿಳಿದವನಂತೆ ಹೇಳಿದೆನೆಂಬ ಸಂಕೋಚ ಬಹುದಿನ ಕಾಡಿತು. ಈ ಲೇಖನವು ಆ ಬಾಲಕಿಗೆ ತಡವಾಗಿ ಸಲ್ಲುತ್ತಿರುವ ಉತ್ತರ.

ಇಂದಿನ ಸಸ್ಯಶಾಸ್ತ್ರದಲ್ಲಿ ‘ಶ್ರೇಬೆರಾ ಸ್ವೀಟಿನಿಯಾಯ್ಡಿಸ್’ ಎಂಬ ಹೆಸರುಳ್ಳ ಮರವೇ ಮುಷ್ಕಕವೆಂದು ವೈದ್ಯವಿದ್ವಾಂಸರಲ್ಲಿ ಹೆಚ್ಚಿನವರು ನಿರ್ಣಯಿಸಿದ್ದಾರೆ. ಕನ್ನಡದಲ್ಲಿ ಇದು ಗಂಟೆಮರ. ವಿಲಿಯಂ ರಾಕ್ಸ್‌ಬರ್ಗ್ ಎಂಬ ಸಸ್ಯವಿಜ್ಞಾನಿ ಕೋರಮಂಡಲ ತೀರದ ಸಸ್ಯಗಳನ್ನು ಕುರಿತ ತನ್ನ ಸಚಿತ್ರ ಗ್ರಂಥದಲ್ಲಿ 1799ರಲ್ಲಿ ಈ ಹೆಸರನ್ನು ಪ್ರಕಟಿಸಿದನು. ಪೂರ್ವಪದವು ಲಿನೇಯಸನ ಶಿಷ್ಯನಾದ ಶ್ರೇಬರ್ ಎಂಬ ಜರ್ಮನ್ ವಿದ್ವಾಂಸನ ಸ್ಮರಣೆಗಾಗಿ ಇಟ್ಟದ್ದು. ಉತ್ತರಪದದ ಅರ್ಥ ‘ಮಹಾಗನಿಯನ್ನು ಹೋಲುವುದು’ ಎಂದು. ಅಮೆರಿಕಾ ಖಂಡದಿಂದ ಬಂದ ಮಹಾಗನಿ ಬೆಂಗಳೂರಿನ ಹಲವು ರಸ್ತೆಗಳ ಬದಿಯಲ್ಲಿ ಇಂದು ನೆರಳು ನೀಡುತ್ತಿದೆ. ಈ ನೆಲದ ಮರವನ್ನು ಪರದೇಶದ ಮರದ ಹೋಲಿಕೆಯಿಂದ ಗುರುತಿಸಬೇಕಾಗಿ ಬಂದುದು ಕಾಲದ ವಿಪರ್ಯಾಸವಷ್ಟೆ.

ನಮ್ಮ ಹಿರಿಯರಾದರೋ ಮರವನ್ನು ಕಣ್ಣಾರೆ ಕಂಡು ಹೆಸರಿಟ್ಟವರು. ಇದರ ಗಡುಸಾದ ಕಾಯಿ ಕೊಂಬೆಯಿಂದ ಕೆಳಮೊಗವಾಗಿ ಗಂಟೆಯಂತೆ ತೂಗುವುದರಿಂದ ಘಂಟಾಪಾಟಲಿ. ಅಂಡದ ಆಕೃತಿಯನ್ನು ನೆನಪಿಸುವುದರಿಂದ ಮುಷ್ಕಕ. ಒಣಗಿದ ಕಾಯಿ ಎರಡು ಹೋಳಾಗಿ ಬಿರಿದು ರೆಕ್ಕೆಯುಳ್ಳ ಬೀಜಗಳನ್ನು ಗಾಳಿಗೆ ಬಿಡುತ್ತದೆ. ಬಿಡುಗಡೆಯೆಂಬ ಅರ್ಥದ ಮೋಕ್ಷಶಬ್ದವು ಇದರಿಂದಲೇ ಬಂದಿರಬಹುದೆಂದು ನನ್ನ ಊಹೆ. ಬರಿಯ ‘ಪಾಟಲಾ’ ಎಂಬುದು ಬೇರೆಯ ಮರ. ಅದು ಕನ್ನಡದ ಪಾದರಿ. ಅದರ ಕುಟುಂಬವೂ ಬೇರೆ. ವಿದ್ಯಾರ್ಥಿಗಳು ಇವೆರಡನ್ನು ಒಂದೆಂದು ಭ್ರಮಿಸಬಾರದು.

ಈ ಮರ ಆಲಿವ್ ಮರದ ಕುಟುಂಬಕ್ಕೆ ಸೇರಿದ್ದು. ಆಲಿವ್ ನಮಗೆ ಅಪರಿಚಿತವಾದರೂ ಅದೇ ಕುಟುಂಬದ ಮಲ್ಲಿಗೆ, ಪಾರಿಜಾತಗಳನ್ನು ಅರಿಯದ ಕನ್ನಡಿಗರುಂಟೇ? ಈ ಬಂಧುತ್ವವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂಟಿಸುತ್ತಿನ ಮಲ್ಲಿಗೆ ಹೂವೊಂದರ ಕೊಳವೆಯನ್ನು ಮೆಲ್ಲನೆ ಸೀಳಿ ನೋಡಿದರೆ ಎರಡೇ ಕೇಸರಗಳು ಕಾಣುತ್ತವೆ, ಪಾರಿಜಾತದಲ್ಲಿಯೂ ಎರಡೇ, ಗಂಟೆಮರದ ಹೂವಿನಲ್ಲಿಯೂ ಎರಡೇ. ಕಂದು ಚುಕ್ಕೆಗಳುಳ್ಳ ಅದರ ಮಾಸಲು ಬಿಳುಪಿನ ಹೂವು ಬೇಸಗೆಯ ಇರುಳಿನಲ್ಲಿ ಕಂಪು ಸೂಸುತ್ತದೆ. ಎಲೆಗಳು ಎದುರುಬದುರಾಗಿ ಹುಟ್ಟುತ್ತವೆ. ಒಂದೊಂದೂ ಹಲವು ಕಿರುಎಲೆಗಳಿಂದ ಕೂಡಿದ್ದು, ತುದಿಯಲ್ಲಿ ಒಂಟಿ ಕಿರುಎಲೆಯಿರುತ್ತದೆ. ಪಶ್ಚಿಮಘಟ್ಟಗಳ ಮೂಡಣ ಮಗ್ಗುಲಿನ ಎಲೆಯುದುರುವ ಕಾಡುಗಳು ಇದಕ್ಕೆ ಒಗ್ಗಿದ ನೆಲೆ.

ಆಯುರ್ವೇದದಲ್ಲಿ ಇದರ ಸ್ಥಾನ ಹಿರಿದು. ಸುಶ್ರುತಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯವು ಕ್ಷಾರಪಾಕವನ್ನು ಕುರಿತದ್ದು. ಅಲ್ಲಿ ಕ್ಷಾರಕ್ಕೆ ಮುಖ್ಯವಾಗಿ ಹೇಳಿರುವುದು ಮುಷ್ಕಕವನ್ನೇ. ಮರವನ್ನು ಕಡಿದು, ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ, ಸೋಸಿ, ಕುದಿಸಿ ಕ್ಷಾರವನ್ನು ತೆಗೆಯುತ್ತಿದ್ದರು; ಮೂಲವ್ಯಾಧಿ ಮುಂತಾದವುಗಳಿಗೆ ಶಸ್ತ್ರವೈದ್ಯರು ಅದನ್ನು ಪ್ರಯೋಗಿಸುತ್ತಿದ್ದರು. ಇಂದಿನ ಕ್ಷಾರಸೂತ್ರ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವುದು ಉತ್ತರಾಣಿಯ ಕ್ಷಾರ. ಮುಷ್ಕಕದ ಹೆಸರು ಗ್ರಂಥದಲ್ಲಿ ಹಾಗೆಯೇ ಉಳಿದಿದೆ.

ಮಗ್ಗಕ್ಕೂ ಈ ಮರಕ್ಕೂ ನಂಟುಂಟು. ಇದರ ಮರಮುಟ್ಟು ಗಟ್ಟಿ, ನಯ. ಒಣಗಿದರೂ ಸುಲಭವಾಗಿ ಬಾಗದು, ಬಿರಿಯದು. ಆದುದರಿಂದ ನೇಯ್ದ ಬಟ್ಟೆಯನ್ನು ಸುತ್ತುವ ಮಗ್ಗದ ದಿಂಡಿಗೆ ನೇಕಾರರು ಇದನ್ನು ಆರಿಸುತ್ತಿದ್ದರು. ಆಂಗ್ಲರು ಈ ಮರಕ್ಕೆ ‘ನೇಕಾರನ ದಿಂಡಿನ ಮರ’ ಎಂದೇ ಹೆಸರಿಟ್ಟರು. ದಿಂಡು ಸೊಟ್ಟಗಾದರೆ ಬಟ್ಟೆಯ ಬಿಗಿ ಒಂದೇ ಸಮವಾಗಿ ನಿಲ್ಲದು. ಮುದನೂರಿನ ಜೇಡರ ದಾಸಿಮಯ್ಯನವರು ನೇಯ್ಗೆಯನ್ನೇ ಕಾಯಕವಾಗಿಸಿಕೊಂಡವರು. ಅಂತಹ ಕಾಯಕವಂತರ ಪರಂಪರೆಯನ್ನು ನೆನೆಯುವ ನಾವು, ಕಾಯಕಕ್ಕೆ ಒದಗಿದ ಮರಗಳನ್ನೂ ನೆನೆಯುವುದು ಉಚಿತವಲ್ಲವೆ?

ಈ ಮರವು ಹಲವು ಪ್ರದೇಶಗಳಲ್ಲಿ ವಿರಳವಾಗಿದೆ. ಅಳಿವಿನಂಚಿನ ಔಷಧವೃಕ್ಷವೆಂದು ಅನೇಕ ಸಸ್ಯವಿಜ್ಞಾನಿಗಳು ಇದನ್ನು ಗಣಿಸಿದ್ದಾರೆ. ಕಾರಣ ತಿಳಿಯುವುದು ಕಷ್ಟವಲ್ಲ. ಔಷಧಕ್ಕಾಗಿ ಬೇರನ್ನೇ ಅಗೆದರೆ ಮರ ಬದುಕದು. ಕಾಯಿ ಬಿರಿಯುವ ಮುನ್ನವೇ ಕೊಯ್ದರೆ ಬೀಜ ನೆಲಕ್ಕೆ ಬೀಳದು. ಬಿದ್ದು ಮೊಳೆತ ಸಸಿಯನ್ನು ಕಾಡ್ಗಿಚ್ಚು, ಮೇವಿಗೆ ಬಂದ ದನಕರು ಉಳಿಸವು. ಹೀಗೆ ಮುದಿಮರಗಳು ಸಾಯುತ್ತ, ಎಳೆಮರಗಳು ಏಳದೆ ಹೋದರೆ ಕಾಡು ಹಸುರಾಗಿಯೇ ಕಂಡರೂ ಒಂದು ಕುಲ ಸದ್ದಿಲ್ಲದೆ ತೀರಿಹೋಗುತ್ತದೆ.

ಮರ ತೀರಿದ ಮೇಲೆ ಪದ ಉಳಿದೀತೆ? ನಿಘಂಟಿನಲ್ಲಿ ಉಳಿದೀತು, ಆದರೆ ಅದರ ಅರ್ಥ ‘ವೃಕ್ಷವಿಶೇಷ’ ಎಂಬಷ್ಟಕ್ಕೆ ಕುಗ್ಗಿರುತ್ತದೆ. ಪದಾರ್ಥವೆಂಬ ಮಾತಿನಲ್ಲಿ ಪದವೂ ಉಂಟು, ಅರ್ಥವೂ ಉಂಟು. ಅರ್ಥವನ್ನು ಕಳೆದುಕೊಂಡ ಪದವನ್ನು ಕಲಿಸುವ ಪಂಡಿತನ ಪಾಡು ಎಂತಹುದೆಂಬುದನ್ನು ನಾನು ಅನುಭವದಿಂದ ಬಲ್ಲೆ.

ಆದುದರಿಂದ ವಿದ್ಯಾರ್ಥಿಮಿತ್ರರಲ್ಲಿ ನನ್ನ ವಿನಂತಿ ಇಷ್ಟು. ಕಾವ್ಯದಲ್ಲಾಗಲಿ ಕೋಶದಲ್ಲಾಗಲಿ ಮರದ ಹೆಸರು ಬಂದಾಗ ಅದರ ಎಲೆ, ಹೂವು, ಕಾಯಿಗಳು ಹೇಗಿರುತ್ತವೆಂದು ಕೇಳಿರಿ. ಸಸ್ಯಶಾಸ್ತ್ರದ ಅಧ್ಯಾಪಕರನ್ನೂ ಕನ್ನಡದ ಅಧ್ಯಾಪಕರನ್ನೂ ಒಟ್ಟಿಗೆ ಕೂರಿಸಿ ಕೇಳಿರಿ. ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ನಮ್ಮೂರಿನಲ್ಲಿಯೇ ಇದೆ. ಅಲ್ಲಿ ಮರಗಳ ಹೆಸರುಫಲಕಗಳನ್ನು ಓದುವುದೂ ಒಂದು ಪಾಠವೇ. ಗುರುವಾದವನು ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಂಡು ಶಿಷ್ಯನೊಡನೆ ಹುಡುಕಹೊರಟರೆ ಅದರಿಂದ ಅವನ ಗೌರವಕ್ಕೆ ಕುಂದಿಲ್ಲ. ಅಂದು ನನ್ನನ್ನು ಪ್ರಶ್ನಿಸಿದ ಬಾಲಕಿ ಎಲ್ಲಿದ್ದರೂ ಸುಖವಾಗಿರಲಿ. ಕೇಳುವ ಸ್ವಭಾವವನ್ನು ಅವಳು ಬಿಡದಿರಲಿ.