ಕುರ್ಚಿಯಲ್ಲೇ ಕುಳಿತು ಬೆನ್ನು ಸಡಿಲಿಸಿ

ಹನಕೆರೆಯಿಂದ ಮಂಡ್ಯ, ಮದ್ದೂರು, ಬೆಂಗಳೂರಿಗೆ ರೈಲಿನಲ್ಲೋ ಬಸ್ಸಿನಲ್ಲೋ ಕೆಲಸಕ್ಕೆ ಹೋಗಿಬರುವವರಿದ್ದಾರೆ. ಕಚೇರಿಯಲ್ಲಿ ಕಡತ, ಕಂಪ್ಯೂಟರ್, ದಾರಿಯಲ್ಲಿ ಮೊಬೈಲ್. ದಿನದ ಬಹುಪಾಲು ತಲೆ ತಗ್ಗಿಸಿ ಕುಳಿತೇ ಕಳೆಯುತ್ತದೆ. ‘ಡಾಕ್ಟ್ರೇ, ಸಂಜೆಯಾದ್ರೆ ಎರಡು ಭುಜದ ನಡುವೆ ಹಿಡ್ಕೊಂಡ್ಬಿಡ್ತದೆ’ ಎನ್ನುವವರಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಕ್ಕಳೂ, ಪರೀಕ್ಷೆಗೆ ಓದುವ ಮಕ್ಕಳೂ ಸೇರಿದ್ದಾರೆ.

ನೋವು ಏಕೆ?

ನಮ್ಮ ತಲೆಯ ತೂಕ ಸುಮಾರು 4ರಿಂದ 5 ಕಿಲೋ. ನೆಟ್ಟಗೆ ಕುಳಿತಾಗ ಈ ಭಾರವನ್ನು ಬೆನ್ನುಮೂಳೆ ಹೊರುತ್ತದೆ. ಮುಂದಕ್ಕೆ ಬಾಗಿದಾಗ ಕತ್ತಿನ ಮತ್ತು ಮೇಲ್ಬೆನ್ನಿನ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕಾಗುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲೆ ಹೊರುವುದು ಸುಲಭ. ಕೈಚಾಚಿ ಹಿಡಿದರೆ ಎಷ್ಟು ಹೊತ್ತು ತಾಳೀತು? ಇತ್ತ ಎದೆಯ ಮುಂಭಾಗದ ಸ್ನಾಯುಗಳೂ ಬಿಗಿದುಕೊಳ್ಳುತ್ತವೆ. ಎದೆಯ ಹಿಂಭಾಗದ 12 ಬೆನ್ನುಮೂಳೆಗಳಿಗೆ 12 ಜೊತೆ ಪಕ್ಕೆಲುಬುಗಳು ಅಂಟಿಕೊಂಡಿರುವುದರಿಂದ ಈ ಭಾಗ ಕತ್ತಿನಷ್ಟು ಸಲೀಸಾಗಿ ಬಾಗುವುದಿಲ್ಲ. ಅಲುಗಾಡಿಸದೆ ಬಿಟ್ಟರೆ ಮತ್ತಷ್ಟು ಬಿಗಿಯಾಗುತ್ತದೆ.

ನಾಲ್ಕು ವ್ಯಾಯಾಮಗಳು

ಚಕ್ರವಿಲ್ಲದ, ಗಟ್ಟಿಯಾದ ಕುರ್ಚಿಯಲ್ಲಿ ಎರಡೂ ಪಾದ ನೆಲಕ್ಕೆ ಊರಿ ನೆಟ್ಟಗೆ ಕುಳಿತುಕೊಳ್ಳಿ.

1. ಭುಜಗಳನ್ನು ಮೇಲೆತ್ತದೆ ಹಿಂದಕ್ಕೆ ಎಳೆಯಿರಿ. ಬೆನ್ನಿನ ಎರಡೂ ಪಕ್ಕದ ಚಪ್ಪಟೆ ಮೂಳೆಗಳು ಹತ್ತಿರ ಬರಲಿ. 5 ಸೆಕೆಂಡ್ ಹಿಡಿದು ಬಿಡಿ. 10 ಸಲ ಮಾಡಿ.

2. ಕೈಗಳನ್ನು ತಲೆಯ ಹಿಂದೆ ಇಟ್ಟು ಮೊಣಕೈಗಳನ್ನು ಅಗಲಿಸಿ. ಎದೆಯನ್ನು ನಿಧಾನವಾಗಿ ಮೇಲಕ್ಕೆತ್ತಿ. ಕತ್ತನ್ನು ಹಿಂದಕ್ಕೆ ವಾಲಿಸಬೇಡಿ. 15ರಿಂದ 20 ಸೆಕೆಂಡ್, 3 ಸಲ.

3. ಬೆರಳುಗಳನ್ನು ಹೆಣೆದು, ಅಂಗೈ ಹೊರಮುಖವಾಗಿ ಕೈಗಳನ್ನು ಮುಂದಕ್ಕೆ ಚಾಚಿ. ಗಲ್ಲವನ್ನು ಎದೆಯತ್ತ ತಂದು ಮೇಲ್ಬೆನ್ನನ್ನು ಗುಂಡಗೆ ಮಾಡಿ. 15ರಿಂದ 20 ಸೆಕೆಂಡ್, 3 ಸಲ.

4. ಬಲಗೈಯನ್ನು ಎಡ ಮಂಡಿಯ ಮೇಲಿಟ್ಟು, ಎಡಗೈಯಿಂದ ಕುರ್ಚಿಯ ಒರಗು ಹಿಡಿದು ಎಡಕ್ಕೆ ತಿರುಗಿ. 10 ಸೆಕೆಂಡ್ ಬಳಿಕ ಇನ್ನೊಂದು ಬದಿಗೆ. ಎರಡು ಬದಿಗೂ 3 ಸಲ.

ಉಸಿರು ಬಿಗಿಹಿಡಿಯಬೇಡಿ, ಜಗ್ಗಾಡಬೇಡಿ. ಹಿತವಾದ ಎಳೆತ ಸಾಕು, ನೋವಾದರೆ ನಿಲ್ಲಿಸಿ. ಮೂಳೆ ಸವೆತವಿದ್ದವರು, ಬೆನ್ನಿಗೆ ಪೆಟ್ಟು ಬಿದ್ದವರು, ಶಸ್ತ್ರಚಿಕಿತ್ಸೆಯಾದವರು ಮೊದಲು ವೈದ್ಯರನ್ನು ಕೇಳಿ. ವ್ಯಾಯಾಮ ಮಾಡಿದೆವೆಂದು ಗಂಟೆಗಟ್ಟಲೆ ಕೂರುವುದೂ ಸಲ್ಲದು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಯಾವ ನೋವನ್ನು ಕಡೆಗಣಿಸಬಾರದು?

ಎದೆ, ಬೆನ್ನಿನ ನೋವೆಲ್ಲ ಕುಳಿತು ಬಂದದ್ದಲ್ಲ. ಎದೆ ಹಿಂಡಿದಂತಾಗಿ ನೋವು ಭುಜಕ್ಕೋ ದವಡೆಗೋ ಬೆನ್ನಿಗೋ ಹರಿದರೆ, ತಣ್ಣನೆ ಬೆವರು, ಉಸಿರುಕಟ್ಟು, ವಾಂತಿ ಕಂಡರೆ ಅದು ಹೃದಯಾಘಾತವಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಕಾಣಿಸಬಹುದು. ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿಸಿ, ಮುಲಾಮು ತಿಕ್ಕಿ ಹೊತ್ತು ಕಳೆಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.

ವಾರಗಟ್ಟಲೆ ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆಯುಂಟು. ಕಾಲು ಜೋಮು ಹಿಡಿದು ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅಂದೇ ವೈದ್ಯರನ್ನು ಕಾಣಿ.

ಉಳಿದ ಬಿಗಿತಕ್ಕೆ ದಿನಕ್ಕೆ ಎರಡು ಬಾರಿ ಐದೈದು ನಿಮಿಷ ಕೊಡಿ. ಮಾತ್ರೆ ನುಂಗುವ ಮುಂಚೆ ಇದನ್ನು ಮಾಡಿನೋಡಿ, ಖರ್ಚೇನೂ ಇಲ್ಲ.